ತೀರ್ಮಾನಕ್ಕೆ ಕಾದಿದ್ದ ಸಾಮಾನುಗಳು: ಒಂದು ಮನೆಯ ಪ್ರಕರಣ ಅಧ್ಯಯನ

ರಾತ್ರಿ ನಿದ್ರೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ರಜೆಯ ದಿನವೂ ದಣಿವು ಇಳಿಯುವುದಿಲ್ಲ ಎಂಬ ದೂರುಗಳೊಂದಿಗೆ ಆಪ್ತಸಮಾಲೋಚನೆಗೆ ಬಂದ 47 ವರ್ಷದ ಮಹಿಳೆಯೊಬ್ಬರ ಪ್ರಕರಣ ಇದು. ಮನೆಯಲ್ಲಿ ಸಾಮಾನು ಹೆಚ್ಚಾಗಿದೆ ಎಂಬ ಮಾತು ಅವರ ದೂರಿನಲ್ಲಿ ಇರಲೇ ಇಲ್ಲ. ಸಂಜೆ ಕಚೇರಿಯಿಂದ ಮರಳಿದಾಗ ಹೇಗನ್ನಿಸುತ್ತದೆ ಎಂದು ಮೊದಲ ಭೇಟಿಯ ಕೊನೆಯಲ್ಲಿ ಕೇಳಿದಾಗ, "ಬಾಗಿಲು ತೆಗೆದ ಕೂಡಲೇ ಎರಡನೆಯ ಪಾಳಿ ಶುರುವಾಗುತ್ತದೆ" ಎಂದರು. ಆ ಪಾಳಿಯಲ್ಲಿ ಏನೇನು ಕೆಲಸ ಎಂದು ಬಿಡಿಸಿ ಕೇಳಿದ ಮೇಲೆ, ಅಡುಗೆ ಮತ್ತು ಮಕ್ಕಳ ಓದಿನ ಜೊತೆಗೆ, ದಾರಿಗೆ ಅಡ್ಡವಾದದ್ದನ್ನು ಸರಿಸುವುದು, ಬೇಕಾದದ್ದನ್ನು ಹುಡುಕುವುದು, ಸಿಗದಿದ್ದಾಗ ಯಾರನ್ನಾದರೂ ಗದರುವುದು, ಗದರಿದ್ದಕ್ಕೆ ರಾತ್ರಿ ಬೇಸರಪಡುವುದು ಎಂಬ ನಿತ್ಯದ ಸರಣಿಯೊಂದು ಹೊರಬಂತು.

ಅವರು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ಉದ್ಯೋಗಿ. ಮನೆಯಲ್ಲಿ ಪತಿ, 16 ವರ್ಷದ ಮಗಳು ಮತ್ತು 11 ವರ್ಷದ ಮಗ ಇದ್ದಾರೆ. ಸಮಾಲೋಚನೆಗೆ ಬರುವ ಮೂರು ವರ್ಷಗಳ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಕೈಬಿಡಲಾಗಿದೆ.

ಮನೆ ಖಾಲಿಯಾದರೆ ಮನಸ್ಸೂ ಹಗುರವಾಗುತ್ತದೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಮನೆಯಲ್ಲಿ ಹೊರಹೋದ ಸಾಮಾನು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾಗಿತ್ತು. ಆದರೂ ಆದ ಬದಲಾವಣೆ ಗಣನೀಯವಾಗಿತ್ತು. ಈ ಹೊಂದಿಕೆಯಾಗದ ಲೆಕ್ಕವೇ ಪ್ರಕರಣವನ್ನು ವಿವರವಾಗಿ ದಾಖಲಿಸಲು ಕಾರಣ. ವರ್ಷಗಟ್ಟಲೆ ಮುಂದೂಡಿದ್ದ ತೀರ್ಮಾನಗಳು ಒಂದೊಂದಾಗಿ ಮುಗಿದದ್ದರಿಂದ ಅವರಿಗೆ ನೆಮ್ಮದಿ ಬಂತು, ಜಾಗ ತೆರವಾದದ್ದು ಅದರ ಹಿಂದೆಯೇ ಬಂದ ಫಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಅಂದಾಜು

ಏನನ್ನೂ ಸರಿಪಡಿಸದೆ, ಇದ್ದದ್ದು ಇದ್ದಂತೆಯೇ ಪ್ರತಿ ಕೋಣೆಯ ಫೋಟೊ ತೆಗೆದು ತರುವಂತೆ ಅವರಿಗೆ ಸೂಚಿಸಲಾಯಿತು. ಹಜಾರದ ಸೋಫಾದ ಅರ್ಧ ಭಾಗವನ್ನು ಒಗೆದು ಮಡಚದ ಬಟ್ಟೆಗಳು ಆಕ್ರಮಿಸಿದ್ದವು. ಊಟದ ಮೇಜಿನ ಮೇಲೆ ಬಿಲ್ಲುಗಳು, ಶಾಲೆಯಿಂದ ಬಂದ ಸುತ್ತೋಲೆಗಳು, ಮಗಳ ಪಠ್ಯಪುಸ್ತಕಗಳು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು, ಯಾವ ಉಪಕರಣದ್ದೆಂದು ಯಾರಿಗೂ ನೆನಪಿಲ್ಲದ ಚಾರ್ಜರ್‌ಗಳು ಇದ್ದವು. ನಾಲ್ವರೂ ಒಟ್ಟಿಗೆ ಕೂತು ಊಟ ಮಾಡುವುದು ನಿಂತುಹೋಗಿ ಬಹಳ ಕಾಲವಾಗಿತ್ತು. ಮೂರನೆಯ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು, ಒಳಗೆ ರಟ್ಟಿನ ಪೆಟ್ಟಿಗೆಗಳು ಎದೆಮಟ್ಟಕ್ಕೆ ನಿಂತಿದ್ದವು. ಆ ಕೋಣೆಯನ್ನು ಮಗಳ ಓದಿಗೆಂದು ಮೀಸಲಿಡಲಾಗಿತ್ತು.

ಇಂಥ ಸಂದರ್ಭದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು, ಇದು ಸಾಮಾನ್ಯ ಅಸ್ತವ್ಯಸ್ತತೆಯೋ ಅಥವಾ ಚಿಕಿತ್ಸೆ ಬೇಡುವ ಸಂಗ್ರಹ ವ್ಯಾಧಿಯೋ ಎಂಬುದನ್ನು. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು ಅತಿಸಂಗ್ರಹವನ್ನು ಮೊದಲ ಬಾರಿಗೆ ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲೂ ಅದಕ್ಕೆ ಸ್ವತಂತ್ರ ಸ್ಥಾನವಿದೆ. ವಸ್ತುವಿಗೆ ಬೆಲೆ ಇರಲಿ ಬಿಡಲಿ, ಅದನ್ನು ಕಳೆದುಕೊಳ್ಳಲು ಸತತವಾಗಿ ಆಗದಿರುವುದು, ಕಳೆಯಬೇಕಾಗಿ ಬಂದಾಗ ತೀವ್ರ ಸಂಕಟವಾಗುವುದು, ವಾಸದ ಜಾಗಗಳು ತಮ್ಮ ಉದ್ದೇಶಕ್ಕೆ ಬಳಕೆಯಾಗದಷ್ಟು ತುಂಬಿಕೊಳ್ಳುವುದು ಅದರ ಮುಖ್ಯ ಲಕ್ಷಣಗಳು. ರ‍್ಯಾಂಡಿ ಫ್ರಾಸ್ಟ್, ಗೇಲ್ ಸ್ಟೆಕೆಟಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಚಿತ್ರಮಾಪಕವೊಂದು ಇದಕ್ಕೆ ನೆರವಾಗುತ್ತದೆ. ಹಜಾರ, ಅಡುಗೆಮನೆ, ಮಲಗುವ ಕೋಣೆ ಈ ಮೂರಕ್ಕೂ ಒಂದರಿಂದ ಒಂಬತ್ತರವರೆಗೆ ಏರುವ ಚಿತ್ರಗಳಿದ್ದು, ತಮ್ಮ ಮನೆಯನ್ನು ಹೋಲುವ ಚಿತ್ರವನ್ನು ವ್ಯಕ್ತಿಯೇ ಆರಿಸಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಎಚ್ಚರಿಕೆಯ ಸೂಚನೆ. ಈ ಮಹಿಳೆ ಹಜಾರಕ್ಕೆ 3, ಅಡುಗೆಮನೆಗೆ 2 ಎಂದು ಗುರುತಿಸಿದರು. ಮುಚ್ಚಿಕೊಂಡಿದ್ದ ಆ ಮೂರನೆಯ ಕೋಣೆಗೆ ಮಾತ್ರ 6.

ಒಂದು ಕೋಣೆಯ ಅಂಕವನ್ನೇ ಹಿಡಿದು ವ್ಯಾಧಿಯೆಂದು ಹೆಸರಿಡುವುದು ಆತುರದ ಮಾತಾಗುತ್ತಿತ್ತು. ಅವರು ಹಳೆಯ ಪತ್ರಿಕೆಗಳನ್ನು, ಒಡೆದ ಪಾತ್ರೆಗಳನ್ನು, ಬಳಕೆ ತಪ್ಪಿದ ಆಟಿಕೆಗಳನ್ನು ಯಾವ ಸಂಕಟವೂ ಇಲ್ಲದೆ ಹೊರಹಾಕಬಲ್ಲವರಾಗಿದ್ದರು. ಅವರ ತೊಡಕು ಕೆಲವು ಬಗೆಯ ವಸ್ತುಗಳಿಗೆ ಮಾತ್ರ ಸೀಮಿತವಾಗಿತ್ತು. ಖಿನ್ನತೆಯ ಸಾಧ್ಯತೆಯನ್ನೂ ಪರಿಶೀಲಿಸಲಾಯಿತು. ಆಸಕ್ತಿ, ಹಸಿವು, ಕೆಲಸದ ಸಾಮರ್ಥ್ಯ ಕುಗ್ಗಿರಲಿಲ್ಲ. ನಿದ್ರೆಯ ತೊಂದರೆಗೆ ದೈಹಿಕ ಕಾರಣವಿಲ್ಲವೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಲಾಯಿತು. ಅಚ್ಚುಕಟ್ಟುತನ ಅವರಿಗೆ ತಿಳಿಯದ ವಿದ್ಯೆಯೂ ಆಗಿರಲಿಲ್ಲ. ಕಚೇರಿಯಲ್ಲಿ ಅವರ ಮೇಜು ಮಾದರಿ ಎನಿಸಿಕೊಂಡಿತ್ತು, ಬೇಕಾದ ಕಡತವನ್ನು ಅವರು ನಿಮಿಷದೊಳಗೆ ತೆಗೆದುಕೊಡುತ್ತಿದ್ದರು. ಒಬ್ಬರೇ ವ್ಯಕ್ತಿ ಒಂದು ಜಾಗದಲ್ಲಿ ಇಷ್ಟು ವ್ಯವಸ್ಥಿತರಾಗಿದ್ದು ಇನ್ನೊಂದು ಜಾಗದಲ್ಲಿ ಸೋಲುವುದಾದರೆ, ಕಾರಣವನ್ನು ಅವರ ಸ್ವಭಾವದಲ್ಲಿ ಹುಡುಕಿ ಪ್ರಯೋಜನವಿಲ್ಲ.

ರಾಶಿ ಬೆಳೆದ ಬಗೆ

ಕಚೇರಿಯ ಕಾಗದಕ್ಕೆ ಆಯುಷ್ಯ ನಿಗದಿಯಾಗಿರುತ್ತದೆ. ಯಾವ ಚೀಟಿಯನ್ನು ಎಷ್ಟು ವರ್ಷ ಇಡಬೇಕು, ಯಾವುದನ್ನು ಯಾರ ಸಹಿಯೊಂದಿಗೆ ನಾಶಪಡಿಸಬೇಕು ಎಂಬುದನ್ನು ಬೇರೆ ಯಾರೋ ಮೊದಲೇ ನಿರ್ಧರಿಸಿರುತ್ತಾರೆ. ಉದ್ಯೋಗಿ ಆ ನಿಯಮವನ್ನು ಪಾಲಿಸಿದರೆ ಸಾಕು. ಮನೆಯ ಕಾಗದಕ್ಕೆ ಅಂಥ ನಿಯಮವಿಲ್ಲದ ಕಾರಣ ಪ್ರತಿಯೊಂದು ಚೀಟಿಯೂ ಹೊಸದಾಗಿ ಪ್ರಶ್ನೆ ಕೇಳುತ್ತದೆ. ದಿನವಿಡೀ ಕೆಲಸ ಮಾಡಿ ಬಂದವರು ಆ ಪ್ರಶ್ನೆಗೆ ನಾಳೆ ಉತ್ತರಿಸೋಣವೆಂದು ಚೀಟಿಯನ್ನು ಮೇಜಿನ ಮೇಲಿಡುತ್ತಾರೆ. ನಾಳೆ ಅದರ ಮೇಲೆ ಇನ್ನೊಂದು ಬರುತ್ತದೆ. ಇದನ್ನು ಅವರ ಮುಂದಿಟ್ಟಾಗ, ತಮ್ಮ ಮನೆಯ ಮೇಜು ಸೋಮಾರಿತನದ ಗುರುತು ಎಂದೇ ಈವರೆಗೆ ಭಾವಿಸಿದ್ದಾಗಿ ಹೇಳಿದರು. ಸಮಾಲೋಚನೆಯ ಮೊದಲ ಹಂತದಲ್ಲಿ ಆದ ಬಹುಮುಖ್ಯ ಬದಲಾವಣೆ ಈ ಒಂದು ತಿಳಿವಳಿಕೆ ಎಂದರೆ ಹೆಚ್ಚಾಗಲಾರದು, ಏಕೆಂದರೆ ನಾಚಿಕೆ ಇರುವಷ್ಟು ದಿನ ಅವರು ರಾಶಿಯ ಕಡೆ ಕಣ್ಣೆತ್ತಿ ನೋಡುವುದನ್ನೇ ತಪ್ಪಿಸುತ್ತಿದ್ದರು.

ಫ್ರಾಸ್ಟ್ ಮತ್ತು ತಮಾರಾ ಹಾರ್ಟ್ಲ್ 1996ರಲ್ಲಿ ಮಂಡಿಸಿದ ಮಾದರಿಯು ತೀವ್ರ ಸಂಗ್ರಹವನ್ನು ವಿವರಿಸುವಾಗ ಮಾಹಿತಿಯನ್ನು ವಿಂಗಡಿಸುವ ತೊಡಕು, ವಸ್ತುಗಳ ಮೇಲಿನ ಭಾವುಕ ನಂಟು, ತೀರ್ಮಾನವನ್ನು ತಪ್ಪಿಸಿಕೊಳ್ಳುವ ನಡವಳಿಕೆ, ತಮ್ಮ ಬಳಿಯಿರುವ ವಸ್ತುಗಳ ಬಗೆಗಿನ ನಂಬಿಕೆಗಳು ಎಂಬ ಅಂಶಗಳನ್ನು ಹೆಸರಿಸುತ್ತದೆ. ವ್ಯಾಧಿಯ ಮಟ್ಟ ತಲುಪದ ಮನೆಗಳಲ್ಲೂ ಇವು ಸೌಮ್ಯ ರೂಪದಲ್ಲಿ ಕಾಣಸಿಗುತ್ತವೆ. ಇಲ್ಲಿ ಸ್ಪಷ್ಟವಾಗಿ ಕಂಡದ್ದು ಎರಡನೆಯದು ಮತ್ತು ಮೂರನೆಯದು.

ಇದಕ್ಕೆ ಸೇರಿಕೊಂಡದ್ದು ಎಲ್ಲರಲ್ಲೂ ಇರುವ ಎರಡು ಒಲವುಗಳು. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಸಾಧಾರಣ ಲೋಟವನ್ನು ಆಗಷ್ಟೇ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಲೋಟವಿಲ್ಲದವರು ಕೊಡಲು ಸಿದ್ಧರಿದ್ದ ಬೆಲೆಯ ಎರಡು ಪಟ್ಟಿಗೂ ಮೀರಿತ್ತು. ಕೈಗೆ ಬಂದ ಮಾತ್ರಕ್ಕೆ ವಸ್ತುವಿನ ಬೆಲೆ ಏರುತ್ತದೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ತೋರಿಸಿದ್ದು, ಒಮ್ಮೆ ಹಣವೋ ಶ್ರಮವೋ ಹೂಡಿದ ಮೇಲೆ, ಅದರಿಂದ ಮುಂದೆ ಲಾಭವಿಲ್ಲವೆಂದು ಗೊತ್ತಿದ್ದರೂ ಜನ ಅದನ್ನೇ ಹಿಡಿದುಕೊಂಡಿರುತ್ತಾರೆ ಎಂಬುದನ್ನು. ಈ ಮನೆಯಲ್ಲಿ ಬಳಕೆಯಾಗದ ವ್ಯಾಯಾಮದ ಯಂತ್ರವೊಂದರ ಮೇಲೆ ಒದ್ದೆ ಟವೆಲ್‌ಗಳನ್ನು ಹರವಲಾಗುತ್ತಿತ್ತು. ಅದನ್ನು ಕೊಟ್ಟುಬಿಡುವ ಮಾತೆತ್ತಿದಾಗಲೆಲ್ಲ ಅದಕ್ಕೆ ಕೊಟ್ಟ ದುಡ್ಡಿನ ಪ್ರಸ್ತಾಪ ಬರುತ್ತಿತ್ತು, ಅದು ಆಕ್ರಮಿಸಿದ ಜಾಗದ ಪ್ರಸ್ತಾಪ ಒಮ್ಮೆಯೂ ಬರುತ್ತಿರಲಿಲ್ಲ.

ಮುಚ್ಚಿದ ಕೋಣೆಯ ಕಥೆ ಬೇರೆ. ತಾಯಿ ತೀರಿಕೊಂಡ ಮೇಲೆ ಅವರಿದ್ದ ಬಾಡಿಗೆ ಮನೆಯನ್ನು ಕೆಲವೇ ದಿನಗಳಲ್ಲಿ ತೆರವು ಮಾಡಬೇಕಾಗಿ ಬಂದಿತ್ತು. ಈ ಮಹಿಳೆ ಮತ್ತು ಅವರ ಅಣ್ಣ ಯಾವುದನ್ನೂ ನೋಡದೆ, ಕಪಾಟಿನಲ್ಲಿದ್ದುದನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿದರು. ಅಣ್ಣನ ಮನೆ ಚಿಕ್ಕದಾದ್ದರಿಂದ ಎಲ್ಲವೂ ಇಲ್ಲಿಗೆ ಬಂದವು. ಒಂದು ತಿಂಗಳಲ್ಲಿ ಇಬ್ಬರೂ ಕೂತು ನೋಡೋಣವೆಂಬ ಮಾತಾಗಿತ್ತು. ಅದು ನಡೆಯಲಿಲ್ಲ. ಕೋಣೆಯ ಬಾಗಿಲು ಮುಚ್ಚಿತು, ಮುಚ್ಚಿದ ಕೋಣೆಯಲ್ಲಿ ಇರಬೇಕಾಗಿದ್ದ ಮಗಳ ಪುಸ್ತಕಗಳು ಊಟದ ಮೇಜಿಗೆ ಬಂದವು, ಮೇಜಿನ ಮೇಲೆ ವಿಂಗಡಿಸುತ್ತಿದ್ದ ಕಾಗದಪತ್ರಗಳಿಗೆ ನೆಲೆ ತಪ್ಪಿತು, ಊಟ ಸೋಫಾಕ್ಕೆ ಸರಿಯಿತು. ಇಡೀ ಮನೆಯ ಅಸ್ತವ್ಯಸ್ತತೆಗೆ ಮೂಲ ಈ ಒಂದು ಕೋಣೆಯಾಗಿತ್ತು. ಆದರೆ ಮನೆಯವರಾರೂ ಅದನ್ನು ಹಾಗೆ ನೋಡಿರಲಿಲ್ಲ, ಏಕೆಂದರೆ ಬಾಗಿಲು ಮುಚ್ಚಿದ್ದರಿಂದ ಆ ಕೋಣೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಕೆಲಸ ನಡೆದ ಕ್ರಮ

ಮೂಲ ಕೋಣೆಯೆಂದು ಗೊತ್ತಾದ ಮೇಲೂ ಅಲ್ಲಿಂದ ಆರಂಭಿಸಲಿಲ್ಲ. ಅತ್ಯಂತ ಕಠಿಣವಾದ ತೀರ್ಮಾನಗಳಿಂದ ಆರಂಭಿಸಿದವರು ಮೊದಲ ದಿನವೇ ಹಳೆಯ ಫೋಟೊಗಳ ನಡುವೆ ಕೂತುಬಿಡುತ್ತಾರೆ, ಸಂಜೆಗೆ ಎಲ್ಲವನ್ನೂ ಮರಳಿ ಅದೇ ಪೆಟ್ಟಿಗೆಗೆ ತುಂಬುತ್ತಾರೆ. ಊಟದ ಮೇಜನ್ನು ಮೊದಲ ಗುರಿಯಾಗಿ ಆರಿಸಿಕೊಳ್ಳಲಾಯಿತು. ಅದರ ಫಲ ಆ ದಿನವೇ ನಾಲ್ವರಿಗೂ ಕಾಣುತ್ತದೆ, ದಿನಕ್ಕೊಮ್ಮೆಯಾದರೂ ಎಲ್ಲರೂ ಅದನ್ನು ಬಳಸುತ್ತಾರೆ ಎಂಬುದು ಕಾರಣ. ಹೊಸ ಡಬ್ಬಿ, ಬುಟ್ಟಿ, ಕಪಾಟುಗಳನ್ನು ಕೊಳ್ಳಬಾರದೆಂಬ ಷರತ್ತೂ ಇತ್ತು. ಅಂಗಡಿಯಿಂದ ತಂದ ಅಂದದ ಡಬ್ಬಿ ಅನೇಕ ಮನೆಗಳಲ್ಲಿ ತೀರ್ಮಾನವನ್ನು ಇನ್ನೊಂದು ವರ್ಷ ಮುಂದೂಡುವ ಸಾಧನವಾಗಿಬಿಡುತ್ತದೆ ಎಂಬುದು ಈ ವಿಷಯದಲ್ಲಿ ನನ್ನ ಗಟ್ಟಿ ಅನಿಸಿಕೆ.

ಕಾಗದಪತ್ರಗಳಿಗೆ ಅವರದೇ ವೃತ್ತಿಯ ವಿಧಾನವನ್ನು ತರಲಾಯಿತು. ಒಂದು ಸಂಜೆ ಅವರು ಮನೆಯ ಕಾಗದಗಳ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಅದರ ಅವಧಿಯನ್ನು ಬರೆದರು: ಆಸ್ತಿ, ಶಿಕ್ಷಣ, ಗುರುತಿನ ದಾಖಲೆಗಳು ಶಾಶ್ವತ, ತೆರಿಗೆಗೆ ಸಂಬಂಧಿಸಿದವು ಕಾನೂನು ಹೇಳುವಷ್ಟು ವರ್ಷ, ಉಪಕರಣಗಳ ರಶೀದಿ ಖಾತರಿ ಮುಗಿಯುವವರೆಗೆ, ಪಾವತಿಯಾದ ತಿಂಗಳ ಬಿಲ್ಲು ಮುಂದಿನ ಬಿಲ್ಲು ಬರುವವರೆಗೆ, ಶಾಲೆಯ ಸುತ್ತೋಲೆ ಅದರಲ್ಲಿರುವ ದಿನಾಂಕದವರೆಗೆ. ಈ ಪಟ್ಟಿ ಸಿದ್ಧವಾದ ಮೇಲೆ ಮೇಜು ತೆರವಾಗಲು ಹೆಚ್ಚು ಸಮಯ ಹಿಡಿಯಲಿಲ್ಲ. ಚೀಟಿಯನ್ನು ಕೈಗೆತ್ತಿಕೊಂಡಾಗ ಈಗ ತೀರ್ಮಾನಿಸುವುದೇನೂ ಉಳಿದಿರಲಿಲ್ಲ, ಪಟ್ಟಿಯನ್ನು ನೋಡಿದರೆ ಸಾಕಾಗುತ್ತಿತ್ತು. ವೈಯಕ್ತಿಕ ಮಾಹಿತಿಯಿರುವ ಕಾಗದಗಳನ್ನು ಹರಿದು ಪ್ರತ್ಯೇಕವಾಗಿ ಹೊರಹಾಕುವ ಎಚ್ಚರಿಕೆಯನ್ನೂ ವಹಿಸಲಾಯಿತು.

ಬಟ್ಟೆ ಮತ್ತು ಅಡುಗೆಮನೆಯ ವಿಷಯದಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ಮಕ್ಕಳಿಗೆ ಗಿಡ್ಡವಾದ ಬಟ್ಟೆಗಳು ಬಳಸುವವರಿಗೆ ಹೋದವು. ಹೊರಹೋಗಬೇಕೆಂದು ತೀರ್ಮಾನವಾದ ಗಂಟು ಆ ದಿನವೇ ಮನೆಯಿಂದ ಹೊರಡಬೇಕೆಂಬ ನಿಯಮ ಮಾತ್ರ ಬಹಳ ಉಪಯೋಗಕ್ಕೆ ಬಂತು. ಬಾಗಿಲ ಬಳಿ ಎರಡು ದಿನ ಕೂತ ಗಂಟು ಮೂರನೆಯ ದಿನ ಬಿಚ್ಚಿಕೊಳ್ಳುತ್ತದೆ.

ತೊಡಕು ಬಂದದ್ದು ಪತಿಯ ಸಾಮಾನುಗಳಿಂದ. ಅವರಿಗೆ ಕೆಟ್ಟ ರೇಡಿಯೊ, ಫ್ಯಾನು, ಮಿಕ್ಸರುಗಳನ್ನು ಬಿಚ್ಚಿ ದುರಸ್ತಿ ಮಾಡುವ ಹವ್ಯಾಸವಿತ್ತು, ಬಿಡಿಭಾಗಗಳು ಬಾಲ್ಕನಿಯನ್ನೂ ಮಂಚದ ಕೆಳಭಾಗವನ್ನೂ ತುಂಬಿದ್ದವು. ಮೇಜು ತೆರವಾದ ಹುಮ್ಮಸ್ಸಿನಲ್ಲಿ ಹೆಂಡತಿ ಒಂದು ಭಾನುವಾರ ಅವನ್ನು ಗುಜರಿಗೆ ಹಾಕಲು ಚೀಲಕ್ಕೆ ತುಂಬತೊಡಗಿದರು. "ನಿಮ್ಮಮ್ಮನ ಪೆಟ್ಟಿಗೆಯನ್ನು ಯಾರೂ ಮುಟ್ಟುವ ಹಾಗಿಲ್ಲ, ನನ್ನದನ್ನು ಮಾತ್ರ ಕೇಳದೆ ಎಸೆಯಬಹುದೇ?" ಎಂದು ಪತಿ ಕೇಳಿದರು. ಮಾತಿಗೆ ಮಾತು ಬೆಳೆದು ಕೆಲಸ ಕೆಲವು ವಾರ ನಿಂತುಹೋಯಿತು. ಮುಂದಿನ ಭೇಟಿಗೆ ಇಬ್ಬರೂ ಬಂದರು. ಆ ಪ್ರಶ್ನೆ ನ್ಯಾಯವಾಗಿಯೇ ಇತ್ತು ಎಂದು ಆ ಮಹಿಳೆಗೂ ಅನ್ನಿಸಿತ್ತು. ಬೇರೆಯವರ ವಸ್ತುವಿನ ಬಗ್ಗೆ ತೀರ್ಮಾನಿಸುವುದು ಸುಲಭವಾಗಿ ತೋರುತ್ತದೆ, ಏಕೆಂದರೆ ಆ ವಸ್ತುವಿಗೆ ಅಂಟಿದ ಆಸೆ ನಮಗೆ ಕಾಣುವುದಿಲ್ಲ. ಪ್ರತಿಯೊಬ್ಬರೂ ತಮ್ಮ ವಸ್ತುವಿನ ಬಗ್ಗೆ ಮಾತ್ರ ತೀರ್ಮಾನಿಸಬೇಕು, ಎಲ್ಲರೂ ಬಳಸುವ ಜಾಗದಲ್ಲಿ ಯಾರ ಖಾಸಗಿ ವಸ್ತುವೂ ರಾತ್ರಿ ಉಳಿಯಬಾರದು ಎಂಬ ಒಪ್ಪಂದಕ್ಕೆ ಬರಲಾಯಿತು. ಪತಿಗೆ ಬಾಲ್ಕನಿಯ ಒಂದು ಮೂಲೆ ಮತ್ತು ಒಂದು ಕಪಾಟು ಪೂರ್ತಿಯಾಗಿ ಸಿಕ್ಕಿತು. ಅದರೊಳಗೆ ಏನಿರಬೇಕೆಂದು ಕೇಳುವ ಹಕ್ಕು ಬೇರಾರಿಗೂ ಇರಲಿಲ್ಲ. ಜಾಗಕ್ಕೆ ಮಿತಿ ಬಂದ ಮೇಲೆ ಬಿಡಿಭಾಗಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ಅವರೇ ಆರಿಸತೊಡಗಿದರು. ಯಾರೂ ಒತ್ತಾಯಿಸದಿದ್ದರೂ ವ್ಯಾಯಾಮದ ಯಂತ್ರ ಆ ತಿಂಗಳೇ ಮನೆ ಬಿಟ್ಟಿತು.

ತಾಯಿಯ ಪೆಟ್ಟಿಗೆಗಳು

ಮುಚ್ಚಿದ ಕೋಣೆಯನ್ನು ತೆರೆಯುವ ಹೊತ್ತಿಗೆ ಅವರು ಸಣ್ಣ ತೀರ್ಮಾನಗಳಲ್ಲಿ ಸಾಕಷ್ಟು ಪಳಗಿದ್ದರು. ಅಣ್ಣನೂ ಬರಬೇಕೆಂದು ಸೂಚಿಸಲಾಯಿತು. ತಾಯಿಯ ವಸ್ತುಗಳಲ್ಲಿ ಇಬ್ಬರಿಗೂ ಪಾಲಿತ್ತು, ಒಬ್ಬರೇ ತೀರ್ಮಾನಿಸಿದರೆ ಅದು ಮುಂದೆ ಆಕ್ಷೇಪಕ್ಕೆ ಕಾರಣವಾಗಬಹುದಿತ್ತು. ಅದಕ್ಕೂ ಹೆಚ್ಚಾಗಿ, ಈ ಕೆಲಸದಲ್ಲಿ ನೆನಪುಗಳನ್ನು ಹೇಳಿಕೊಳ್ಳಲು ಅವನ್ನು ಬಲ್ಲ ಇನ್ನೊಬ್ಬರು ಜೊತೆಗಿರುವುದು ಅಗತ್ಯವಾಗಿತ್ತು. ಒಂದು ಬಾರಿಗೆ ಎರಡು ಪೆಟ್ಟಿಗೆಗಿಂತ ಹೆಚ್ಚು ತೆರೆಯಬಾರದೆಂದು ನಿಗದಿಯಾಯಿತು.

ಪೆಟ್ಟಿಗೆಗಳಲ್ಲಿ ಇದ್ದದ್ದು ಬಹುಪಾಲು ಸಾಧಾರಣ ಸಾಮಾನು. ಪಾತ್ರೆಗಳು, ಹಾಸಿಗೆಯ ಹೊದಿಕೆಗಳು, ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಬರೆದ ಲೆಕ್ಕಗಳು. ಇವುಗಳಲ್ಲಿ ಬಳಸಬಹುದಾದದ್ದನ್ನು ಎರಡೂ ಮನೆಗಳು ಹಂಚಿಕೊಂಡವು. ಬಳಕೆಗೆ ಬರುವುದರಲ್ಲಿ ಒಂದು ಸಮಾಧಾನವಿದೆ; ತಾಯಿಯ ಪಾತ್ರೆಯಲ್ಲಿ ನಿತ್ಯ ಅಡುಗೆಯಾಗುವುದು ಅದನ್ನು ರಟ್ಟಿನೊಳಗೆ ಕಾಪಾಡುವುದಕ್ಕಿಂತ ಗೌರವದ ಮಾತು ಎಂದು ಅಣ್ಣನೇ ಹೇಳಿದರಂತೆ. ಒಂದು ಪೆಟ್ಟಿಗೆಯಲ್ಲಿ ತಾಯಿಯ ಹಳೆಯ ಕನ್ನಡಕಗಳು ಸಿಕ್ಕವು. ಅವು ಇನ್ನಾರಿಗೂ ಹೊಂದುವುದಿಲ್ಲ, ಚೌಕಟ್ಟುಗಳೂ ಮುರಿದಿದ್ದವು, ಆದರೂ ಅವನ್ನು ಕಸಕ್ಕೆ ಹಾಕಲು ಇಬ್ಬರ ಕೈಯೂ ಮೇಲೇಳಲಿಲ್ಲ. ಕೊನೆಯದಾಗಿ ಧರಿಸುತ್ತಿದ್ದ ಒಂದನ್ನು ಇಟ್ಟುಕೊಂಡು ಉಳಿದವುಗಳ ಫೋಟೊ ತೆಗೆದರು. ಈ ಫೋಟೊದ ಉಪಾಯಕ್ಕೆ ಸಂಶೋಧನೆಯ ಬೆಂಬಲವೂ ಇದೆ: ಕ್ಯಾರೆನ್ ವಿಂಟರಿಚ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವುಕ ಬೆಲೆಯಿರುವ ವಸ್ತುವಿನ ಫೋಟೊ ತೆಗೆದಿಟ್ಟುಕೊಳ್ಳಲು ಪ್ರೇರೇಪಿಸಿದಾಗ ವಿದ್ಯಾರ್ಥಿ ನಿಲಯಗಳಲ್ಲಿ ದಾನವಾಗಿ ಬಂದ ವಸ್ತುಗಳ ಸಂಖ್ಯೆ ಹೆಚ್ಚಿತು. ವಸ್ತುವಿನ ಜೊತೆ ನೆನಪೂ ಹೋಗಿಬಿಡುತ್ತದೆಂಬ ಭಯವನ್ನು ಫೋಟೊ ತಗ್ಗಿಸುತ್ತದೆ ಎಂಬುದು ಅವರ ವಿವರಣೆ.

ಎಲ್ಲಕ್ಕಿಂತ ಕಷ್ಟವಾದದ್ದು ಆಸ್ಪತ್ರೆಯ ಕಡತ. ತಾಯಿಯ ಕೊನೆಯ ಕಾಯಿಲೆಯ ಪರೀಕ್ಷಾ ವರದಿಗಳು, ಔಷಧಿ ಚೀಟಿಗಳು, ಬಿಲ್ಲುಗಳು ದಪ್ಪನೆಯ ಒಂದು ಚೀಲದಲ್ಲಿದ್ದವು. ಅದನ್ನು ಕಂಡ ಕೂಡಲೇ ಅವರು ಪೆಟ್ಟಿಗೆಯನ್ನು ಮುಚ್ಚಿಬಿಟ್ಟರು. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತನಾಡುವಾಗ ಮೂರು ವರ್ಷಗಳಿಂದ ಯಾರಿಗೂ ಹೇಳದ ಪ್ರಶ್ನೆಯೊಂದು ಹೊರಬಂತು: ತಾನು ಮೊದಲೇ ಗಮನಿಸಿ ಆಸ್ಪತ್ರೆಗೆ ಕರೆದೊಯ್ದಿದ್ದರೆ ಅಮ್ಮ ಉಳಿಯುತ್ತಿದ್ದಳೇ? ಉತ್ತರ ಆ ಚೀಲದಲ್ಲಿದೆ ಎಂದು ಅವರು ನಂಬಿದ್ದರು. ಅದನ್ನು ಓದಲು ಧೈರ್ಯವಿರಲಿಲ್ಲ, ಎಸೆದರೆ ಉತ್ತರವನ್ನೇ ಎಸೆದಂತಾಗುತ್ತದೆ ಎಂಬ ಭಯವಿತ್ತು. ಇಡೀ ಕೋಣೆಯ ಬಾಗಿಲು ಮುಚ್ಚಿದ್ದಕ್ಕೆ ಕಾರಣ ಈ ಒಂದು ಚೀಲವೇ ಇರಬಹುದು.

ಅಣ್ಣ-ತಂಗಿ ಇಬ್ಬರೂ ಆ ಕಡತವನ್ನು ಹಿಡಿದು, ಪರಿಚಯದ ವೈದ್ಯರೊಬ್ಬರ ಬಳಿಗೆ ಹೋದರು. ಕಾಯಿಲೆ ಪತ್ತೆಯಾಗುವ ವೇಳೆಗೇ ಅದು ಬಹಳ ಮುಂದುವರಿದಿತ್ತೆಂದೂ ಮನೆಯವರು ಗುರುತಿಸಬಹುದಾದ ಲಕ್ಷಣಗಳು ಅದಕ್ಕೆ ಮುಂಚೆ ಇರಲಿಲ್ಲವೆಂದೂ ವೈದ್ಯರು ವರದಿಗಳನ್ನು ತೋರಿಸಿ ವಿವರಿಸಿದರು. ಅಣ್ಣನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತೆಂಬುದು ಅಂದೇ ತಿಳಿದದ್ದು. ಆಮೇಲೆ ಒಂದು ಸಾರಾಂಶ ವರದಿಯನ್ನು, ಮಕ್ಕಳ ಆರೋಗ್ಯಕ್ಕೆ ಮುಂದೆ ಬೇಕಾಗಬಹುದೆಂದು ಉಳಿಸಿಕೊಂಡು ಮಿಕ್ಕದ್ದನ್ನು ಹರಿದುಹಾಕಿದರು.

ಇಂಥ ಕಡೆ ಯಾವ ವಿಂಗಡಣೆಯ ಸೂತ್ರವೂ ಕೆಲಸಕ್ಕೆ ಬಾರದು. ಈ ವಸ್ತು ಸಂತೋಷ ಕೊಡುತ್ತದೆಯೇ, ಕಳೆದ ವರ್ಷ ಬಳಸಿದ್ದೀರಾ ಎಂಬ ಪ್ರಶ್ನೆಗಳನ್ನು ಆಸ್ಪತ್ರೆಯ ಕಡತಕ್ಕೆ ಕೇಳಿದರೆ ಬರುವ ಉತ್ತರ ಎರಡು ಬಾರಿಯೂ ಇಲ್ಲ ಎಂದೇ. ಆದರೂ ಅದು ಮನೆಯಲ್ಲಿ ಉಳಿದಿತ್ತು, ಏಕೆಂದರೆ ಅದನ್ನು ಹಿಡಿದಿಟ್ಟಿದ್ದ ಪ್ರಶ್ನೆ ಬೇರೆಯದಾಗಿತ್ತು. ಯಾರಾದರೂ ಅವರು ಕಚೇರಿಗೆ ಹೋದಾಗ ಕೋಣೆಯನ್ನು ಖಾಲಿ ಮಾಡಿಸಿದ್ದರೆ ಮನೆ ಸ್ವಚ್ಛವಾಗುತ್ತಿತ್ತು, ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು.

ಬದಲಾದದ್ದು ಮತ್ತು ಬದಲಾಗದ್ದು

ಮೊದಲು ಕಂಡ ಬದಲಾವಣೆ ಊಟದ ಮೇಜಿನದು. ರಾತ್ರಿ ನಾಲ್ವರೂ ಒಟ್ಟಿಗೆ ಕೂರುವುದು ಮತ್ತೆ ಆರಂಭವಾಯಿತು. ಬೆಳಿಗ್ಗೆ ಬೀಗದ ಕೈ, ಗುರುತಿನ ಚೀಟಿ, ಮಗನ ಕಾಲುಚೀಲ ಹುಡುಕುವ ಗಲಾಟೆ ಬಹಳ ಮಟ್ಟಿಗೆ ನಿಂತಿತು, ಅದರೊಂದಿಗೆ ಬೆಳಗಿನ ಗದರಿಕೆಯೂ ಇಳಿಯಿತು. ಮಗಳಿಗೆ ಓದುವ ಕೋಣೆ ಸಿಕ್ಕಿತು. ಮನೆಗೆ ಯಾರಾದರೂ ಬರುತ್ತೇವೆಂದರೆ ನೆಪ ಹೇಳುತ್ತಿದ್ದ ಮಹಿಳೆ, ಸಹೋದ್ಯೋಗಿಗಳನ್ನು ತಾವೇ ಕರೆದರು. ನಿದ್ರೆ ನಿಧಾನವಾಗಿ ಸುಧಾರಿಸಿತು, ಮುಖ್ಯವಾಗಿ ಆಸ್ಪತ್ರೆಯ ಕಡತದ ವಿಷಯ ಮುಗಿದ ಮೇಲೆ.

ಇನ್ನೊಂದು ಬದಲಾವಣೆಯನ್ನು ಅಳೆಯುವುದು ಕಷ್ಟ, ಆದರೆ ಅವರ ಮಾತಿನಲ್ಲಿ ಅದು ಮತ್ತೆ ಮತ್ತೆ ಬಂತು. ಮುಂದೂಡಿದ್ದ ಬೇರೆ ಕೆಲಸಗಳೂ ತಾವಾಗಿ ಸರಿಯತೊಡಗಿದವು: ದಂತವೈದ್ಯರ ಭೇಟಿ, ಉಯಿಲಿನ ವಿಚಾರ, ಕಚೇರಿಯಲ್ಲಿ ಬಹಳ ದಿನಗಳಿಂದ ಕೇಳಬೇಕೆಂದಿದ್ದ ವರ್ಗಾವಣೆ. ತಮ್ಮನ್ನು "ಯಾವುದನ್ನೂ ಮುಗಿಸದವಳು" ಎಂದು ಕರೆದುಕೊಳ್ಳುತ್ತಿದ್ದುದು ನಿಂತಿತು.

ಇವೆಲ್ಲಕ್ಕೂ ವಿಂಗಡಣೆಯೇ ಕಾರಣವೆಂದು ಹೇಳಲಾಗದು. ಅದೇ ಅವಧಿಯಲ್ಲಿ ಲೆಕ್ಕಪತ್ರ ವರ್ಷದ ಮುಕ್ತಾಯದ ಒತ್ತಡ ಕಳೆದಿತ್ತು, ಪತಿ ಸಂಜೆಯ ಕೆಲಸಗಳಲ್ಲಿ ಹೆಚ್ಚು ಕೈಜೋಡಿಸುತ್ತಿದ್ದರು, ಸಮಾಲೋಚನೆಯೂ ನಡೆಯುತ್ತಿತ್ತು. ಲಭ್ಯವಿರುವ ಸಂಶೋಧನೆಯನ್ನೂ ಇದೇ ಎಚ್ಚರದಿಂದ ಓದಬೇಕು. ಲಾಸ್ ಏಂಜಲೀಸ್‌ನ ದುಡಿಯುವ ದಂಪತಿಗಳ ಬಗ್ಗೆ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮನೆಯನ್ನು ವರ್ಣಿಸುವಾಗ ರಾಶಿ ಬಿದ್ದದ್ದು, ಅರ್ಧಕ್ಕೆ ನಿಂತದ್ದು ಎಂಬರ್ಥದ ಮಾತುಗಳನ್ನು ಹೆಚ್ಚು ಬಳಸಿದ ಹೆಂಗಸರಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನು ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಇದು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಾಧಿಸುವುದಿಲ್ಲ. ದಣಿದವರಿಗೆ ಮನೆ ಹೆಚ್ಚು ಅಸ್ತವ್ಯಸ್ತವಾಗಿ ಕಾಣಲೂಬಹುದು, ದಣಿವಿನಿಂದಲೇ ಮನೆ ಅಸ್ತವ್ಯಸ್ತವಾಗಲೂಬಹುದು. ಸ್ಟೆಫನಿ ಮೆಕ್‌ಮೇನ್ಸ್ ಮತ್ತು ಸಬೀನ್ ಕಾಸ್ಟ್ನರ್ 2011ರಲ್ಲಿ ವರದಿ ಮಾಡಿದಂತೆ, ದೃಷ್ಟಿಪಥದಲ್ಲಿರುವ ಹಲವು ವಸ್ತುಗಳು ಮಿದುಳಿನ ದೃಷ್ಟಿ ಕೇಂದ್ರದಲ್ಲಿ ಪರಸ್ಪರ ಪೈಪೋಟಿ ನಡೆಸುತ್ತವೆ. ಆ ಪ್ರಯೋಗ ನಡೆದದ್ದು ಪರದೆಯ ಮೇಲಿನ ಆಕೃತಿಗಳೊಂದಿಗೆ. ಅದನ್ನು ನೇರವಾಗಿ ಸೋಫಾದ ಮೇಲಿನ ಬಟ್ಟೆಗಳಿಗೆ ಅನ್ವಯಿಸುವುದು ದೂರದ ಮಾತು. ಇನ್ನೊಂದೆಡೆ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ, ಅಚ್ಚುಕಟ್ಟಾದ ಕೋಣೆ ಆರೋಗ್ಯಕರ ಆಯ್ಕೆಗಳಿಗೂ ಅಸ್ತವ್ಯಸ್ತ ಕೋಣೆ ಹೊಸ ಯೋಚನೆಗಳಿಗೂ ಒಲವು ತೋರುವಂತೆ ಮಾಡಿತೆಂದು ವರದಿ ಮಾಡಿದ್ದಾರೆ. ಪತಿಯ ಬಾಲ್ಕನಿ ಮೂಲೆ ಈಗಲೂ ಎರಡನೆಯ ಬಗೆಯದು, ಅದರಿಂದ ಯಾರಿಗೂ ತೊಂದರೆಯಿಲ್ಲ.

ಕೆಲವು ಬದಲಾಗಲಿಲ್ಲ. ಕಚೇರಿಯ ನಿತ್ಯದ ಕೆಲಸದ ಹೊರೆ ಹಾಗೆಯೇ ಇತ್ತು. ತಾಯಿಯ ವಿಯೋಗದ ದುಃಖ ಕಡಿಮೆಯಾಗುವ ಬದಲು ಪೆಟ್ಟಿಗೆಗಳನ್ನು ತೆರೆದ ವಾರಗಳಲ್ಲಿ ಹೆಚ್ಚಾಯಿತು. ಹಾಗಾಗುವುದು ಸಹಜ ಎಂಬುದನ್ನು ಮೊದಲೇ ತಿಳಿಸದಿದ್ದರೆ ಅವರು ಕೆಲಸವನ್ನು ಅರ್ಧಕ್ಕೆ ಬಿಡುವ ಸಾಧ್ಯತೆಯಿತ್ತು. ಮಗನ ಆಟಿಕೆಗಳು ಹಜಾರಕ್ಕೆ ಬರುವುದು ನಿಂತಿಲ್ಲ, ಅದನ್ನು ಪೂರ್ತಿ ನಿಲ್ಲಿಸುವ ಗುರಿಯನ್ನೂ ಇಟ್ಟುಕೊಂಡಿರಲಿಲ್ಲ.

ಒಂದು ವರ್ಷದ ನಂತರ

ವರ್ಷ ಕಳೆದ ಮೇಲಿನ ಭೇಟಿಗೆ ಅವರು ಹೊಸ ಫೋಟೊಗಳನ್ನು ತಂದರು. ಹಿಂದಿನ ಚಿತ್ರಮಾಪಕದಲ್ಲಿ ಎಲ್ಲ ಕೋಣೆಗಳಿಗೂ 1 ಅಥವಾ 2 ಅಂಕ ಬಂತು. ನಡುವೆ ಮಗಳ ಪರೀಕ್ಷೆಯ ತಿಂಗಳುಗಳಲ್ಲಿ ಮೇಜಿನ ಮೇಲೆ ಕಾಗದಗಳು ಮತ್ತೆ ಸೇರಿದ್ದವು. ಆಗ ಅವರು ಗಾಬರಿಯಾಗದೆ, ಪರೀಕ್ಷೆ ಮುಗಿದ ವಾರಾಂತ್ಯದಲ್ಲಿ ಅವಧಿಯ ಪಟ್ಟಿಯನ್ನು ತೆಗೆದು ಎಲ್ಲವನ್ನೂ ವಿಂಗಡಿಸಿದರು. ಪಟ್ಟಿಗೆ ಆನ್‌ಲೈನ್ ಖರೀದಿಯ ರಶೀದಿಗಳಿಗಾಗಿ ಒಂದು ಹೊಸ ಸಾಲು ಸೇರಿತ್ತು. ಮನೆಗೆ ಬರುವ ಹೊಸ ವಸ್ತುವಿನ ಬಗ್ಗೆಯೂ ಅವರದೇ ಒಂದು ಅಭ್ಯಾಸ ಬೆಳೆದಿದೆ: ಕೊಳ್ಳುವ ಮೊದಲು ಅದು ಮನೆಯಲ್ಲಿ ಯಾವ ಜಾಗದಲ್ಲಿರಬೇಕೆಂದು ಹೇಳಲಾಗದಿದ್ದರೆ ಆ ದಿನ ಕೊಳ್ಳುವುದಿಲ್ಲ.

ತಾಯಿಯ ವಸ್ತುಗಳಲ್ಲಿ ಅರ್ಧ ಹೆಣೆದ ಒಂದು ಸ್ವೆಟರ್ ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಮಗಳು ಹೆಣಿಗೆ ಕಲಿತು ಅದನ್ನು ಮುಗಿಸುತ್ತೇನೆನ್ನುತ್ತಾಳೆ, ಅಣ್ಣ ಅದನ್ನು ಹಾಗೆಯೇ ಇಡಬೇಕೆನ್ನುತ್ತಾರೆ. ಮಗಳ ಮುಂದಿನ ರಜೆಯವರೆಗೆ ಕಾದು, ಆಮೇಲೆ ಮೂವರೂ ಕೂತು ನಿರ್ಧರಿಸುವುದೆಂದು ಗೊತ್ತುಮಾಡಿಕೊಂಡು, ಆ ದಿನಾಂಕವನ್ನು ಅವರು ಪಟ್ಟಿಯ ಕೊನೆಯಲ್ಲಿ ಬರೆದುಕೊಂಡಿದ್ದಾರೆ.